ಮೆರೋಪೆನೆಮ್ ಮೂರು ಕಂಪನಿದು, ಸೆಫಜೋಲಿನ್ ಮಾತ್ರ ‘ನಾಳೆ ಬರುತ್ತೆ’: ಶಿವಮೊಗ್ಗದ ಒಂದು ಆಸ್ಪತ್ರೆ ಮೆಡಿಕಲ್‌ನ ವಿಮರ್ಶೆ

ಶಿವಮೊಗ್ಗ ಪೇಟೆಯೊಳಗಿನ ಸುಮಾರು ನೂರು ಹಾಸಿಗೆಯ ಖಾಸಗಿ ಆಸ್ಪತ್ರೆ ಇದು. ಹೆಸರು ಹೇಳುವುದಿಲ್ಲ, ಹೇಳಿದರೆ ಮಾತೆಲ್ಲ ಆ ಬೋರ್ಡಿನ ಸುತ್ತ ಸುತ್ತುತ್ತದೆ, ಕಪಾಟಿನ ಕಡೆ ಯಾರೂ ನೋಡುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯಿಂದ ನಾಲ್ಕೈದು ದಿನ ಜ್ವರ ಬಿಡದವರನ್ನು ಕರೆತರುವ ಜಾಗ. ಡಾಕ್ಟರ ಕೈಗುಣ ಇಲ್ಲಿನ ವಿಷಯವಲ್ಲ. ನೆಲಮಹಡಿಯ ಮೆಡಿಕಲ್‌ನಲ್ಲಿ ಯಾವ ಆ್ಯಂಟಿಬಯೋಟಿಕ್ ಸಿಗುತ್ತದೆ, ಯಾವುದು ಸಿಗುವುದಿಲ್ಲ, ಅದು ಬಿಲ್ಲಿಗೆ ಹೇಗೆ ಏರುತ್ತದೆ, ವಾರ್ಡಿನಲ್ಲಿ ಹೇಗೆ ಖರ್ಚಾಗುತ್ತದೆ ಎಂಬಷ್ಟೇ. ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ಲೆಕ್ಕಕ್ಕೆ ಹಿಡಿದು ಕೊಟ್ಟ ಅಂಕ: ಔಷಧಿ ಕಾಪಾಡುವುದಕ್ಕೆ ಐದಕ್ಕೆ ನಾಲ್ಕು, ಬಿಲ್ಲಿಗೆ ಮೂರು, ದಾಸ್ತಾನಿನ ಆಯ್ಕೆಗೆ ಎರಡು.

ಮೊದಲು ನಾಲ್ಕು ಅಂಕ ಗಿಟ್ಟಿಸಿದ ಕೆಲಸ. ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವುದು ಎಲ್ಲರಿಗೂ ಗೊತ್ತು. ಅಮಾಕ್ಸಿಕ್ಲಾವ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆಗೂ ಅದೇ ಗತಿ. ಅದರಲ್ಲಿರುವ ಕ್ಲಾವುಲಾನಿಕ್ ಆಮ್ಲ ತೇವ ಕಂಡರೆ ಕೆಡುತ್ತದೆ. ಹಾಗಾಗಿಯೇ ಅದು ಅಲ್ಯೂಮಿನಿಯಂ ಪಟ್ಟಿಯೊಳಗೆ ಬರುವುದು, 25 ಡಿಗ್ರಿಗಿಂತ ಕೆಳಗಿಡಿ ಎಂದು ಬರೆದಿರುವುದು. ಬಿಳಿ ಇರಬೇಕಾದ ಮಾತ್ರೆ ಹಳದಿ ಅಥವಾ ಕಂದು ತಿರುಗಿದ್ದರೆ ಎಕ್ಸ್‌ಪೈರಿ ಇನ್ನೂ ವರ್ಷ ಇದ್ದರೂ ನುಂಗಬಾರದು. ಇಲ್ಲಿ ಕಪಾಟು ಗೋಡೆಗೆ ತಾಗಿಲ್ಲ, ಪೆಟ್ಟಿಗೆಗಳು ನೆಲದ ಮೇಲಿಲ್ಲ, ಮರದ ಹಲಗೆಯ ಮೇಲಿವೆ. ಎಸಿ ರಾತ್ರಿಯೂ ಓಡುತ್ತದೆ. ಫ್ರಿಜ್‌ನಲ್ಲಿ ಥರ್ಮಾಮೀಟರ್ ಇದೆ, ಬೆಳಿಗ್ಗೆ–ಸಂಜೆ ಬರೆಯುವ ಹಾಳೆ ಇದೆ, 2ರಿಂದ 8 ಡಿಗ್ರಿಯ ಒಳಗೇ ಇದೆ. ಕರೆಂಟು ಹೋದರೆ ಫ್ರಿಜ್‌ನ ಲೈನ್ ಜನರೇಟರಿಗೆ ಹೋಗುತ್ತದೆ. ಆಂಫೊಟೆರಿಸಿನ್, ಕ್ಯಾಸ್ಪೊಫಂಜಿನ್‌ನಂಥ ಫಂಗಸ್ ಔಷಧಿ ಇಡುವವರಿಗೆ ಇದು ಅಲಂಕಾರವಲ್ಲ: ಒಂದು ರಾತ್ರಿ ಫ್ರಿಜ್ ಕೈಕೊಟ್ಟರೆ ಹೋಗುವುದು ಒಂದು ವೈಯಲ್ (ಚುಚ್ಚುಮದ್ದಿನ ಪುಟ್ಟ ಸೀಸೆ) ಅಲ್ಲ, ಒಂದು ಸಂಸಾರದ ತಿಂಗಳ ದುಡಿಮೆ.

ಒಂದೇ ಕೊರತೆ, ಮಕ್ಕಳ ಡ್ರೈ ಸಿರಪ್ ಕೊಡುವಾಗಿನದು. ನೀರು ಬೆರೆಸಿದ ಮೇಲೆ ಅಮಾಕ್ಸಿಕ್ಲಾವ್ ಸಿರಪ್ ಫ್ರಿಜ್‌ನಲ್ಲಿ 7 ದಿನ ಮಾತ್ರ. ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳುವ ಅಭ್ಯಾಸ ಕೌಂಟರಿನಲ್ಲಿಲ್ಲ. ಬಾಟಲಿಯ ಗುರುತಿನ ಗೆರೆಯ ತನಕ ಕುದಿಸಿ ಆರಿಸಿದ ನೀರು, ಮೊದಲು ಅರ್ಧ ಹಾಕಿ ಕುಲುಕಿ, ಆಮೇಲೆ ಉಳಿದರ್ಧ ಎಂದು ಹೇಳಿಕೊಡಲು ಅರ್ಧ ನಿಮಿಷ ಸಾಕು. ಒಮ್ಮೆಲೇ ಸುರಿದರೆ ತಳದಲ್ಲಿ ಗಂಟು ಕಟ್ಟುತ್ತದೆ. ಮೊದಲ ದಿನ ಮಗುವಿಗೆ ಬರೀ ಸಿಹಿನೀರು, ಕೊನೆಯ ದಿನ ಔಷಧಿಯ ಗಸಿ.

ಇನ್ನು ಕಪಾಟು. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆ್ಯಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಮೊದಲ ಸಾಲಿನವು ಒಂದು: ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ಸೆಫಜೋಲಿನ್, ಜೆಂಟಾಮೈಸಿನ್, ಪೆನಿಸಿಲಿನ್. ಕಣ್ಣಿಟ್ಟು ಬಳಸಬೇಕಾದವು ಇನ್ನೊಂದು: ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಪಿಪೆರಾಸಿಲಿನ್–ಟಾಜೊಬ್ಯಾಕ್ಟಮ್, ಮೆರೋಪೆನೆಮ್. ಬೇರೆ ದಾರಿ ಇಲ್ಲದಾಗಿನವು ಮೂರನೆಯದು: ಕೊಲಿಸ್ಟಿನ್, ಲಿನೆಜೋಲಿಡ್, ಟೈಜಿಸೈಕ್ಲಿನ್. ಒಟ್ಟು ಬಳಕೆಯಲ್ಲಿ ಮೊದಲ ಗುಂಪು 2030ರ ಹೊತ್ತಿಗೆ ಶೇ 70 ಆಗಬೇಕೆಂಬುದು 2024ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳೆಲ್ಲ ಸೇರಿ ಒಪ್ಪಿದ ಗುರಿ. ಈ ಮೆಡಿಕಲ್‌ನಲ್ಲಿ ಪಟ್ಟಿ ತಲೆಕೆಳಗಾಗಿದೆ. ಮೆರೋಪೆನೆಮ್ ಮೂರು ಕಂಪನಿಯದು, ಮೂರಕ್ಕೂ ಎಂಆರ್‌ಪಿ ಬೇರೆ ಬೇರೆ. ಕೊಲಿಸ್ಟಿನ್ ಇದೆ, ಲಿನೆಜೋಲಿಡ್ ಬಾಟ್ಲಿಯೂ ಇದೆ. ಸೆಫಜೋಲಿನ್ ಕೇಳಿದರೆ “ನಾಳೆ ಬರುತ್ತೆ ಸರ್”. ಕ್ರಿಸ್ಟಲೈನ್ ಪೆನಿಸಿಲಿನ್‌ಗೂ ಅದೇ ಉತ್ತರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದರೆ ಇದೇ.

ಸೆಫಜೋಲಿನ್ ಇಲ್ಲದಿದ್ದರೆ ಏನು ಮಹಾ ಎನ್ನುವವರು ಆಪರೇಷನ್ ವಾರ್ಡಿನ ಬಿಲ್ ನೋಡಬೇಕು. ಹರ್ನಿಯಾ, ಸಿಸೇರಿಯನ್, ಮುರಿದ ಮೂಳೆಗೆ ಪ್ಲೇಟ್, ಇಂಥವಕ್ಕೆ ಗಾಯ ಕೀವಾಗದಂತೆ ಮುಂಚೆಯೇ ಕೊಡುವ ಔಷಧಿ ಅದು. ದೊಡ್ಡವರಿಗೆ 2 ಗ್ರಾಂ, ಚರ್ಮ ಕೊಯ್ಯುವ ಮುಂಚಿನ 60 ನಿಮಿಷದೊಳಗೆ ರಕ್ತನಾಳಕ್ಕೆ. ಆಪರೇಷನ್ 4 ಗಂಟೆ ದಾಟಿದರೆ ಅಥವಾ ರಕ್ತ ಜಾಸ್ತಿ ಹೋದರೆ ಮತ್ತೊಂದು ಡೋಸ್. 24 ಗಂಟೆಯೊಳಗೆ ಮುಗಿಸಬೇಕು, ಬಹಳಷ್ಟು ಆಪರೇಷನ್‌ಗೆ ಆ ಒಂದೇ ಡೋಸ್ ಸಾಕು. ಅದಿಲ್ಲದಾಗ ಕೈ ಹೋಗುವುದು ಸೆಫ್ಟ್ರಿಯಾಕ್ಸೋನ್‌ಗೆ, ಮತ್ತು ಅದು ಒಂದಕ್ಕೆ ನಿಲ್ಲುವುದಿಲ್ಲ. 1 ಗ್ರಾಂ ದಿನಕ್ಕೆರಡು ಬಾರಿ, 5 ದಿನ: ಹತ್ತು ವೈಯಲ್, ಹತ್ತು ಸಿರಿಂಜ್, ಹತ್ತು ಬಾಟ್ಲಿ ಸ್ಟೆರೈಲ್ ವಾಟರ್. ರಕ್ತನಾಳಕ್ಕೆ ಚುಚ್ಚಿಟ್ಟ ನಳಿಕೆ, ಅಂದರೆ ಕ್ಯಾನುಲಾ, ಅಷ್ಟು ದಿನ ಕೈಯಲ್ಲೇ ಇದ್ದು ಊದಿಕೊಂಡು ಬದಲಾಯಿಸಿದ ಖರ್ಚು ಬೇರೆ. ಗಾಯ ಹೊಲಿದ ಮೇಲೆ ಕೊಟ್ಟ ಡೋಸ್‌ಗಳಿಂದ ಕೀವು ಕಡಿಮೆಯಾಗುವುದಿಲ್ಲ ಎಂಬುದು ಹಳೆಯ ವಿಷಯ. ಭೇದಿ, ಕರುಳಿನ ಕ್ಲಾಸ್ಟ್ರಿಡಿಯಂ ಸೋಂಕು, ಔಷಧಿಗೆ ಜಗ್ಗದ ರೋಗಾಣು ಮಾತ್ರ ಹೆಚ್ಚುತ್ತವೆ.

ತರಿಸುವುದಿಲ್ಲ ಏಕೆ? ಅಗ್ಗದ ವೈಯಲ್‌ನಲ್ಲಿ ಅಂಗಡಿಗೂ ಸ್ಟಾಕಿಸ್ಟ್‌ಗೂ ಉಳಿಯುವುದು ಚಿಲ್ಲರೆ. ಔಷಧಿ ಕಂಪನಿಯ ಯಾವ ರೆಪ್ (ಪ್ರತಿನಿಧಿ) ಸಹ ಅದರ ಹೆಸರು ಹಿಡಿದು ಬ್ಯಾಗು ಹೊತ್ತು ಬರುವುದಿಲ್ಲ. ಸರ್ಜನ್‌ಗಳು ಬರೆಯುವುದಿಲ್ಲವೆಂದು ಮೆಡಿಕಲ್‌ನವರು ತರಿಸುವುದಿಲ್ಲ, ಇರುವುದಿಲ್ಲವೆಂದು ಸರ್ಜನ್‌ಗಳು ಬರೆಯುವುದಿಲ್ಲ. ಈ ಗಂಟು ಬಿಚ್ಚಲು ಆಸ್ಪತ್ರೆ ಆಡಳಿತ ಒಂದು ಹಾಳೆಯಲ್ಲಿ ‘ಆಪರೇಷನ್‌ಗೆ ಮುಂಚೆ ಇದೇ’ ಎಂದು ಬರೆದು ಥಿಯೇಟರಿನ ಬೀರುವಿನಲ್ಲೇ ಇಪ್ಪತ್ತು ವೈಯಲ್ ಇಟ್ಟರೆ ಸಾಕು. ಇಲ್ಲಿ ಆ ಹಾಳೆ ಇಲ್ಲ.

ಡಾಕ್ಸಿಸೈಕ್ಲಿನ್ ಕಥೆ ಬೇರೆ, ಮತ್ತು ಮಲೆನಾಡಿಗೆ ಇದೇ ಮುಖ್ಯ. ಕುರುಚಲು, ಬ್ಯಾಣ, ತೋಟದ ಅಂಚಿನ ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಎಂಬ ಜ್ವರ ಮಳೆ ಹಿಂಜರಿದ ಮೇಲೆ ಏರುತ್ತದೆ. ಗದ್ದೆ ನೀರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಇಲಿಜ್ವರವೂ ಅದೇ ಆಸುಪಾಸಿನಲ್ಲಿ. ಎರಡಕ್ಕೂ ಡಾಕ್ಸಿಸೈಕ್ಲಿನ್ ನಾಟುತ್ತದೆ: ದೊಡ್ಡವರಿಗೆ 100 ಮಿಲಿಗ್ರಾಂ ದಿನಕ್ಕೆರಡು, ಸಾಮಾನ್ಯವಾಗಿ 7 ದಿನ. ಸ್ಕ್ರಬ್ ಟೈಫಸ್‌ಗೆ ಸೆಫ್ಟ್ರಿಯಾಕ್ಸೋನ್ ಆಗಲಿ ಮೆರೋಪೆನೆಮ್ ಆಗಲಿ ಏನೂ ಮಾಡುವುದಿಲ್ಲ, ಆ ರೋಗಾಣು ನಮ್ಮ ಜೀವಕೋಶದ ಒಳಗೆ ಕೂತಿರುತ್ತದೆ, ಅಲ್ಲಿ ಈ ಜಾತಿಯ ಔಷಧಿಗಳ ಆಟ ನಡೆಯುವುದಿಲ್ಲ. ಕಂಕುಳು, ತೊಡೆಸಂದು, ಸೊಂಟದ ದಾರದ ಕೆಳಗೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಹುಡುಕುವ ಡಾಕ್ಟರು ರೋಗಿಗೆ ಉಳಿಸುವ ದುಡ್ಡು ಯಾವ ಡಿಸ್ಕೌಂಟ್ ಕಾರ್ಡೂ ಉಳಿಸುವುದಿಲ್ಲ.

ಇಂಥ ಕ್ಯಾಪ್ಸೂಲ್ ಈ ಮೆಡಿಕಲ್‌ನಲ್ಲಿ ಸೆಪ್ಟೆಂಬರ್‌ನಲ್ಲಿ ಖಾಲಿಯಾಗುತ್ತದೆ, ಜನವರಿಯಲ್ಲಿ ಪೆಟ್ಟಿಗೆಗಟ್ಟಲೆ ಉಳಿಯುತ್ತದೆ. ಕಾರಣ ಕಂಪ್ಯೂಟರಿನಲ್ಲಿದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಹಿಂದಿನ ಮೂರು ತಿಂಗಳ ಸರಾಸರಿ ಹಿಡಿದು ‘ಇಷ್ಟಕ್ಕಿಳಿದರೆ ಆರ್ಡರ್ ಹಾಕು’ ಎನ್ನುತ್ತದೆ. ಉದಾಹರಣೆಗೆ ಲೆಕ್ಕ ಹಿಡಿಯೋಣ. ಬೇಸಿಗೆಯಲ್ಲಿ ದಿನಕ್ಕೆ 40 ಕ್ಯಾಪ್ಸೂಲ್ ಹೋಗುತ್ತದೆ, ಆರ್ಡರ್ ಹಾಕಿದರೆ ಬರಲು 5 ದಿನ, ಕೈಕಾವಲಿಗೆ ಇನ್ನೊಂದು ವಾರದ್ದು. ಅಂದರೆ 200ಕ್ಕೆ 280 ಸೇರಿಸಿ 480ಕ್ಕೆ ಬಂದಾಗ ಆರ್ಡರ್. ಮಳೆ ಹಿಂಜರಿದು ದಿನಕ್ಕೆ 120 ಹೋಗತೊಡಗಿದರೆ ಅದೇ 480 ನಾಲ್ಕೇ ದಿನ. ಮಾಲು ಬರುವುದು ಐದನೆಯ ದಿನ. ಆ ನಡುವಿನ ದಿನ ಬಂದವರ ಚೀಟಿಯಲ್ಲಿ ಡಾಕ್ಸಿಸೈಕ್ಲಿನ್ ಇರಬೇಕಾದಲ್ಲಿ ಬೇರೇನೋ ಇರುತ್ತದೆ. ಕಳೆದ ವರ್ಷದ ಅದೇ ತಿಂಗಳ ಲೆಕ್ಕ ನೋಡಿ ಜುಲೈ ಕೊನೆಯಲ್ಲೇ ತರಿಸಿಟ್ಟರೆ ಮುಗಿಯಿತು. ಅಡಿಕೆಗೆ ಔಷಧಿ ಹೊಡೆಯುವವರು ಮೈಲುತುತ್ತವನ್ನು ಮಳೆ ಶುರುವಾದ ಮೇಲೆ ಹುಡುಕುತ್ತಾರೆಯೇ?

ರಕ್ತನಾಳಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಸಹ ಇಡಬೇಕಾದ ಔಷಧಿ. ಭಾರತದ ಆಸ್ಪತ್ರೆಗಳಲ್ಲೇ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೀವ್ರ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಎರಡನ್ನೂ ಒಟ್ಟಿಗೆ ರಕ್ತನಾಳಕ್ಕೆ ಕೊಟ್ಟರೆ ಒಂದೊಂದೇ ಕೊಡುವುದಕ್ಕಿಂತ ಮೇಲು ಎಂದು ತೋರಿಸಿದೆ. ಐಸಿಯು ಇರುವ ಮಲೆನಾಡಿನ ಆಸ್ಪತ್ರೆ ಹತ್ತು ವೈಯಲ್ ಆದರೂ ಇಟ್ಟುಕೊಳ್ಳಬೇಕು. ಇಲ್ಲಿ ಇದೆ, ಅದಕ್ಕೆ ಶಹಬ್ಬಾಸ್.

ಸಂಧಿವಾತದ ಜ್ವರದಿಂದ ಹೃದಯದ ಕವಾಟ ಕೆಟ್ಟವರಿಗೆ ಮೂರು ವಾರಕ್ಕೊಮ್ಮೆ ಬೇಕಾಗುವ ಬೆಂಜಥೀನ್ ಪೆನಿಸಿಲಿನ್ 12 ಲಕ್ಷ ಯೂನಿಟ್ ಇಲ್ಲಿ ಕೆಲವು ತಿಂಗಳು ಇರುತ್ತದೆ, ಕೆಲವು ತಿಂಗಳು ಇರುವುದಿಲ್ಲ. ಇದಕ್ಕೆ ಅಂಗಡಿಯನ್ನಷ್ಟೇ ದೂರಿದರೆ ತಪ್ಪಾಗುತ್ತದೆ, ಮಾಡುವ ಕಂಪನಿಗಳೇ ಕಡಿಮೆ, ಜಗತ್ತಿನಲ್ಲೆಲ್ಲ ಆಗಾಗ ಕೊರತೆ. ಬೇಕಾದವರು ಮುಂದಿನ ಡೋಸಿನ ವೈಯಲ್ ಅನ್ನು ಒಂದು ವಾರ ಮುಂಚೆ ವಿಚಾರಿಸುವುದು ಒಳ್ಳೆಯದು. ಗಟ್ಟಿ ದ್ರಾವಣವಾದ್ದರಿಂದ ಸಣ್ಣ ಸೂಜಿ ಕಟ್ಟಿಕೊಳ್ಳುತ್ತದೆ. ದಪ್ಪ ಸೂಜಿ, ಬೆರೆಸಿದ ತಕ್ಷಣ ಕೊಡಬೇಕು, ಅಲರ್ಜಿಯಾದರೆ ಕೊಡಲು ಪಕ್ಕದಲ್ಲಿ ಅಡ್ರಿನಾಲಿನ್ ತೆಗೆದಿಟ್ಟಿರಬೇಕು.

ಬಿಲ್ಲಿಗೆ ಬರೋಣ. ಚೆನ್ನಾಗಿರುವುದು: ಪ್ರತಿ ವೈಯಲ್‌ನ ಹೆಸರು, ಕಂಪನಿ, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಎಂಆರ್‌ಪಿ ಬಿಡಿಬಿಡಿಯಾಗಿ ಬರುತ್ತದೆ. ‘ಔಷಧಿ ಬಾಬ್ತು’ ಎಂದು ಒಂದೇ ಸಾಲು ಗೀಚುವ ಪದ್ಧತಿ ಇಲ್ಲ. ಎಂಆರ್‌ಪಿ ಮೇಲೆ ಮತ್ತೆ ಜಿಎಸ್‌ಟಿ ಹಾಕುವುದಿಲ್ಲ, ಹಾಕುವಂತೆಯೂ ಇಲ್ಲ, ಅದು ಎಂಆರ್‌ಪಿಯ ಒಳಗೇ ಇರುತ್ತದೆ. ಶೆಡ್ಯೂಲ್ ಎಚ್1 ರಿಜಿಸ್ಟರ್ ಅಚ್ಚುಕಟ್ಟು. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಈ ನಿಯಮದ ಪ್ರಕಾರ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೋಪೆನೆಮ್‌ನಂಥವನ್ನು ಕೊಡುವಾಗ ಬರೆದ ಡಾಕ್ಟರು, ರೋಗಿ, ಔಷಧಿ, ಪ್ರಮಾಣ ಬರೆದಿಟ್ಟು ಮೂರು ವರ್ಷ ಕಾಪಾಡಬೇಕು. ಚೀಟಿ ಇಲ್ಲದೆ “ಹೈ ಪವರ್ದು ಒಂದು ಶೀಟ್ ಕೊಡಿ” ಎಂದವರಿಗೆ ಇಲ್ಲಿ ಕೊಡುವುದಿಲ್ಲ. ಇದನ್ನು ಒರಟುತನವೆಂದು ಬೈದುಕೊಂಡು ಹೋಗುವವರು ಇದ್ದಾರೆ. ಬೈಗುಳ ತಿಂದರೂ ಕೊಡದಿರುವುದಕ್ಕೇ ಅರ್ಧ ಅಂಕ.

ಚೆನ್ನಾಗಿಲ್ಲದ್ದು ಎರಡು. ಸೆಫ್ಟ್ರಿಯಾಕ್ಸೋನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಹಾಗಾಗಿ ಅದಕ್ಕೆ ಸರ್ಕಾರದ ಗರಿಷ್ಠ ಬೆಲೆಯ ಮೂಗುದಾರವಿದೆ. ಅದರ ಜೊತೆ ಅರ್ಧ ಗ್ರಾಂ ಸಲ್ಬ್ಯಾಕ್ಟಮ್ ಎಂಬ ಇನ್ನೊಂದು ಔಷಧಿ ಸೇರಿಸಿ 1.5 ಗ್ರಾಂ ವೈಯಲ್ ಮಾಡಿದರೆ ಆ ಮೂಗುದಾರ ಅದಕ್ಕೆ ತಾಗುವುದಿಲ್ಲ. ಪಟ್ಟಿಯಿಂದ ಹೊರಗಿನ ಔಷಧಿಯ ಬೆಲೆಯನ್ನು ಕಂಪನಿ ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು. ಈ ಕಪಾಟಿನಲ್ಲಿ 1.5ರ ಪೆಟ್ಟಿಗೆ ಕೈಗೆಟುಕುವ ಎತ್ತರದಲ್ಲಿದೆ, ಬರೀ 1 ಗ್ರಾಂನದ್ದು ಮೇಲಿನ ಸಾಲಿನಲ್ಲಿ. ಮಾತ್ರೆಗಳಲ್ಲೂ ಇಂಥದೇ ಜೋಡಿ ಸೆಫಿಕ್ಸಿಮ್–ಒಫ್ಲಾಕ್ಸಾಸಿನ್. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಬಾರದ ಜೋಡಿಗಳ ಪಟ್ಟಿಗೆ ಸೇರಿಸಿದೆ. ಇಲ್ಲಿ ಅದು ಎರಡು ಬ್ರ್ಯಾಂಡ್‌ನಲ್ಲಿ ಲಭ್ಯ.

ಎರಡನೆಯದು ಮಕ್ಕಳದು. ಸೆಫ್ಟ್ರಿಯಾಕ್ಸೋನ್ 250 ಮತ್ತು 500 ಮಿಲಿಗ್ರಾಂ ವೈಯಲ್ ಮಾರುಕಟ್ಟೆಯಲ್ಲಿವೆ, ಇಲ್ಲಿ ಇಡುವುದು 1 ಗ್ರಾಂ ಮಾತ್ರ. 10 ಕೆ.ಜಿ. ತೂಕದ ಮಗುವಿಗೆ ಕೆ.ಜಿ.ಗೆ 50ರಂತೆ ಬೇಕಾದದ್ದು 500. ಉಳಿದರ್ಧ ಬೇಸಿನ್‌ಗೆ, ಬಿಲ್ ಪೂರ್ತಿಗೆ. ಐದು ದಿನದಲ್ಲಿ ಎರಡೂವರೆ ವೈಯಲ್‌ನ ಔಷಧಿ ಚರಂಡಿ ಸೇರುತ್ತದೆ. ಚರಂಡಿಗೆ ಹೋದದ್ದು ಅಲ್ಲಿಗೇ ಮುಗಿಯುವುದಿಲ್ಲ, ಮುಂದಿನದು ತುಂಗೆ.

ವಾರ್ಡಿನ ಬಳಕೆ ಅಳೆಯಲು ಒಂದು ಸುಲಭ ಸೂತ್ರವಿದೆ, ಈ ಆಸ್ಪತ್ರೆಯವರು ಬಳಸುತ್ತಿಲ್ಲ. ಪ್ರತಿ ಔಷಧಿಗೂ ದೊಡ್ಡವರ ದಿನದ ಪ್ರಮಾಣವೆಂದು ಒಂದು ಅಂತರರಾಷ್ಟ್ರೀಯ ಅಳತೆ ಇದೆ: ಚುಚ್ಚುಮದ್ದಿನ ಸೆಫ್ಟ್ರಿಯಾಕ್ಸೋನ್‌ಗೆ 2 ಗ್ರಾಂ, ಮೆರೋಪೆನೆಮ್‌ಗೆ 3 ಗ್ರಾಂ, ಡಾಕ್ಸಿಸೈಕ್ಲಿನ್‌ಗೆ 0.1 ಗ್ರಾಂ. ತಿಂಗಳಿಗೆ 1 ಗ್ರಾಂನ 600 ಸೆಫ್ಟ್ರಿಯಾಕ್ಸೋನ್ ಹೋಯಿತು ಎಂದಿಟ್ಟುಕೊಳ್ಳಿ. 600ನ್ನು 2ರಿಂದ ಭಾಗಿಸಿದರೆ 300 ದಿನಪ್ರಮಾಣ. ನೂರು ಹಾಸಿಗೆಯಲ್ಲಿ 80 ತುಂಬಿದ್ದರೆ 30 ದಿನಕ್ಕೆ 2,400 ಹಾಸಿಗೆ–ದಿನ. ನೂರು ಹಾಸಿಗೆ–ದಿನಕ್ಕೆ 12.5 ಎಂದಾಯಿತು. ರೂಪಾಯಿ ಲೆಕ್ಕದಲ್ಲಿ ಬ್ರ್ಯಾಂಡ್ ಬದಲಾದರೂ ಖರ್ಚು ಇಳಿದಂತೆ ಕಾಣಬಹುದು. ಈ ಲೆಕ್ಕದಲ್ಲಿ ಹಾಗೆ ಮೋಸಹೋಗುವಂತಿಲ್ಲ, ಔಷಧಿ ನಿಜಕ್ಕೂ ಕಡಿಮೆ ಹೋಯಿತೇ ಎಂದು ತಿಳಿಯುತ್ತದೆ. ಮೆಡಿಕಲ್‌ನ ಕಂಪ್ಯೂಟರಿನಲ್ಲಿ ಎಲ್ಲ ಅಂಕಿಯೂ ಇದೆ. ತಿಂಗಳಿಗೆ ಒಬ್ಬರ ಒಂದು ಮಧ್ಯಾಹ್ನದ ಕೆಲಸ. ಮಕ್ಕಳ ವಾರ್ಡಿಗೆ ಮಾತ್ರ ಈ ಅಳತೆ ಹೊಂದುವುದಿಲ್ಲ, ಅವರ ಡೋಸ್ ತೂಕದ ಮೇಲೆ.

ರಕ್ತದಲ್ಲಿ ಯಾವ ರೋಗಾಣು ಇದೆ ಎಂದು ಬೆಳೆಸಿ ನೋಡುವ ಕಲ್ಚರ್ ವ್ಯವಸ್ಥೆ ಇದೆ, ಬಳಕೆ ಅರೆಮನಸ್ಸಿನದು. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಎಂ.ಎಲ್. ರಕ್ತ ಬೇಕು, ಎರಡು ಬೇರೆ ಜಾಗದಿಂದ, ಮೊದಲ ಡೋಸ್ ಆ್ಯಂಟಿಬಯೋಟಿಕ್‌ಗೆ ಮುಂಚೆ. 3 ಎಂ.ಎಲ್. ಹಾಕಿ ಕಳಿಸಿದರೆ ‘ಬೆಳವಣಿಗೆ ಇಲ್ಲ’ ಎಂದು ವರದಿ ಬರುತ್ತದೆ, ಕಲ್ಚರ್‌ನ ದುಡ್ಡೂ ಹೋಯಿತು, ಮೆರೋಪೆನೆಮ್ ನಿಲ್ಲಿಸುವ ಧೈರ್ಯವೂ ಹೋಯಿತು. 1 ಗ್ರಾಂ ದಿನಕ್ಕೆ ಮೂರರಂತೆ 7 ದಿನಕ್ಕೆ 21 ವೈಯಲ್. ಮೂರನೆಯ ದಿನ ಸರಿಯಾದ ವರದಿ ಕೈಗೆ ಬಂದು ಸಾದಾ ಔಷಧಿಗೆ ಇಳಿದರೆ 9ಕ್ಕೆ ನಿಲ್ಲುತ್ತದೆ. ಇಲ್ಲಿನ ಕೇಸ್‌ಶೀಟಿನಲ್ಲಿ ‘48 ಗಂಟೆ: ಮುಂದುವರಿಸುವುದೇ, ಬದಲಿಸುವುದೇ, ನಿಲ್ಲಿಸುವುದೇ’ ಎಂಬ ಕಾಲಂ ಅಚ್ಚಾಗಿದೆ. ಖಾಲಿ ಇರುತ್ತದೆ.

ಸಿಸ್ಟರ್‌ಗಳ ಕೈಕೆಲಸ ಮಾತ್ರ ಚೊಕ್ಕ. ಸೆಫ್ಟ್ರಿಯಾಕ್ಸೋನ್ ಹೋಗುವ ನಳಿಕೆಯಲ್ಲೇ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಿಡುವುದಿಲ್ಲ, ಅದರ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ವ್ಯಾಂಕೊಮೈಸಿನ್ 1 ಗ್ರಾಂ ಅನ್ನು ಒಂದು ಗಂಟೆಗಿಂತ ಬೇಗ ಓಡಿಸುವುದಿಲ್ಲ, ಓಡಿಸಿದರೆ ಮುಖ ಕುತ್ತಿಗೆ ಕೆಂಪೇರಿ ನವೆ. ಆಂಫೊಟೆರಿಸಿನ್‌ಗೆ ಶೇ 5ರ ಡೆಕ್ಸ್‌ಟ್ರೋಸ್ ಮಾತ್ರ, ಸಲೈನ್ ತಾಗಿದರೆ ಕೆಡುತ್ತದೆ. ಬೀರುವಿನ ಬಾಗಿಲಿಗೆ ಈ ಮೂರನ್ನೂ ಕನ್ನಡದಲ್ಲಿ ಬರೆದು ಅಂಟಿಸಿದ್ದಾರೆ, ಅಕ್ಷರ ದುಂಡಗಿದೆ.

ಬೇಸಿಗೆಯ ಮಾತು ಬೇರೆ. ಡಿಸೆಂಬರ್‌ನಿಂದ ಮೇ ತನಕ ದರಗು ಗುಡಿಸಲು, ಕಟ್ಟಿಗೆಗೆ ಕಾಡಿಗೆ ಹೋದವರ ಜ್ವರವೆಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಇದು ಉಣುಗು ಕಚ್ಚಿ ಬರುವ ವೈರಸ್. ವೈರಸ್‌ಗೆ ಆ್ಯಂಟಿಬಯೋಟಿಕ್ ತಾಗುವುದಿಲ್ಲ, ಇದಕ್ಕೆಂದೇ ಆದ ಔಷಧಿಯೂ ಇಲ್ಲ. ನೀರಿನಂಶ, ಪ್ಯಾರಾಸಿಟಮಾಲ್, ರಕ್ತಸ್ರಾವದ ಮೇಲೆ ಕಣ್ಣು, ಇಷ್ಟೇ. ಪ್ಲೇಟ್‌ಲೆಟ್ ಇಳಿದಿದ್ದಾಗ ಸ್ನಾಯುವಿಗೆ ಸೂಜಿ ಚುಚ್ಚಬಾರದು, ನೋವಿಗೆ ಡೈಕ್ಲೊಫೆನಾಕ್ ಕೊಡಬಾರದು. ವೈರಸ್ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯ ವರದಿ ಬರುವವರೆಗೆ ಸ್ಕ್ರಬ್ ಟೈಫಸ್ ಅನುಮಾನಕ್ಕೆ ಡಾಕ್ಸಿಸೈಕ್ಲಿನ್ ಕೊಡುವುದು ಸರಿ. ವರದಿಯಲ್ಲಿ ಮಂಗನ ಕಾಯಿಲೆ ಎಂದು ಬಂದ ಮೇಲೂ ಬೇರೆ ಸೋಂಕಿನ ಸುಳಿವಿಲ್ಲದೆ ಪಿಪೆರಾಸಿಲಿನ್ 4.5 ಗ್ರಾಂ ದಿನಕ್ಕೆ ಮೂರು ಓಡುತ್ತಿದ್ದರೆ, ಮನೆಯವರು “ಇದು ಯಾತಕ್ಕೆ ಡಾಕ್ಟ್ರೇ?” ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ನೋಡಿಕೊಳ್ಳಬೇಕಾದದ್ದು ಮಾತ್ರೆಯ ಎಣಿಕೆ. ಡಾಕ್ಸಿಸೈಕ್ಲಿನ್ 7 ದಿನಕ್ಕೆ 14 ಬೇಕು, ಶೀಟಿನಲ್ಲಿ 10 ಇದ್ದರೆ ಒಂದು ಶೀಟ್ ಕೊಟ್ಟು “ಸಾಕು ಬಿಡಿ” ಎನ್ನುವುದೂ ಇದೆ, ಎರಡು ಕೊಟ್ಟು 6 ಉಳಿಸುವುದೂ ಇದೆ. ಉಳಿದ ಆರು ಮುಂದಿನ ಜ್ವರಕ್ಕೆ ಮನೆಯ ಗೂಡಿನಿಂದ ಇಳಿಯುತ್ತವೆ. ಕತ್ತರಿಸಿ ಕೊಡಿ ಎಂದು ಕೇಳಿದರೆ ಇಲ್ಲಿ ಕೊಡುತ್ತಾರೆ, ಕೇಳಬೇಕು ಅಷ್ಟೆ. ಎಕ್ಸ್‌ಪೈರಿ ಅಚ್ಚಾಗಿರುವ ತುದಿ ಅಂಗಡಿಯಲ್ಲೇ ಉಳಿಯುವಂತೆ ಕತ್ತರಿಸುವುದು ಪದ್ಧತಿ, ಬಿಲ್ಲಿನಲ್ಲಿ ತಾರೀಕು ಇರುವುದರಿಂದ ಬಿಲ್ಲನ್ನು ಮಾತ್ರೆಯ ಜೊತೆಗೇ ಇಟ್ಟುಕೊಳ್ಳಿ. ಡಾಕ್ಸಿಸೈಕ್ಲಿನ್ ಅನ್ನು ಒಂದು ಲೋಟ ನೀರಿನೊಡನೆ ಕೂತು ನುಂಗಬೇಕು, ಅರ್ಧ ಗಂಟೆ ಮಲಗಬಾರದು, ಗಂಟಲಿನಾಚೆ ಸಿಕ್ಕಿಕೊಂಡರೆ ಅನ್ನನಾಳ ಸುಡುತ್ತದೆ. ಹಾಲು, ಆಂಟಾಸಿಡ್, ಕಬ್ಬಿಣದ ಮಾತ್ರೆ ಜೊತೆಗೆ ಬೇಡ. ಬಸುರಿಯರಿಗೆ ಇದರ ಬದಲು ಅಜಿತ್ರೊಮೈಸಿನ್.

ಹೊರಗಿನಿಂದ ತರಬಹುದೇ? ಆಸ್ಪತ್ರೆಗಳು ತಮ್ಮ ಮೆಡಿಕಲ್‌ನಲ್ಲೇ ಕೊಳ್ಳುವಂತೆ ಒತ್ತಾಯಿಸುವ ದೂರು ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. 2025ರ ಮಾರ್ಚ್‌ನಲ್ಲಿ ಕೋರ್ಟ್ ಈ ಬಗ್ಗೆ ನೀತಿ ರೂಪಿಸುವ ಕೆಲಸವನ್ನು ರಾಜ್ಯ ಸರ್ಕಾರಗಳಿಗೆ ಬಿಟ್ಟಿತು. ಈ ಆಸ್ಪತ್ರೆಯಲ್ಲಿ ಮಾತ್ರೆಗೆ ಅಡ್ಡಿ ಮಾಡುವುದಿಲ್ಲ. ಚುಚ್ಚುಮದ್ದು ತಂದರೆ ಬಿಲ್ ಕೇಳುತ್ತಾರೆ, ಬ್ಯಾಚ್ ಬರೆದುಕೊಳ್ಳುತ್ತಾರೆ, ಅದು ನ್ಯಾಯವೇ. ಜನೌಷಧಿ ಕೇಂದ್ರದಲ್ಲಿ ಅಮಾಕ್ಸಿಕ್ಲಾವ್, ಡಾಕ್ಸಿಸೈಕ್ಲಿನ್, ಸೆಫಿಕ್ಸಿಮ್ ಮಾತ್ರೆ ಬಹಳ ಕಡಿಮೆಗೆ ಬರುತ್ತವೆ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ ಒಳಗಿನ ಔಷಧಿಯ ಹೆಸರನ್ನು ಡಾಕ್ಟರಿಂದಲೇ ಬರೆಸಿಕೊಂಡು ಹೋಗಿ.

ಬಳಸದ ವೈಯಲ್‌ಗಳನ್ನು ವಾಪಸ್ ಪಡೆಯುತ್ತಾರೆ: ಸೀಲ್ ಒಡೆದಿರಬಾರದು, ಬ್ಯಾಚ್ ನಂಬರ್ ಬಿಲ್ಲಿಗೆ ಹೊಂದಬೇಕು, ಡಿಸ್ಚಾರ್ಜ್ ಬಿಲ್ ಮುಗಿಯುವ ಮುಂಚೆ ಕೊಡಬೇಕು. ಫ್ರಿಜ್‌ನ ಔಷಧಿ ಒಮ್ಮೆ ಕೌಂಟರ್ ದಾಟಿದರೆ ಹಿಂದಕ್ಕಿಲ್ಲ. ರಾತ್ರಿಯೂ ತೆರೆದಿರುತ್ತದೆ, ಆದರೆ ವಾಪಸಾತಿ ಕಿಟಕಿ ಸಂಜೆ ಮುಚ್ಚುತ್ತದೆ. ರಾತ್ರಿ ಡಿಸ್ಚಾರ್ಜ್ ಆಗುವವರು ಮಧ್ಯಾಹ್ನವೇ ವಾರ್ಡಿನ ಟ್ರೇಯಲ್ಲಿ ಉಳಿದದ್ದನ್ನು ಎಣಿಸಿಟ್ಟುಕೊಳ್ಳಿ.